ಹೊದಿಕೆ ಎತ್ತಿ ನೋಡು

"ಯಾಕೋ ತುಂಬಾ ಚಳಿ ಆಗ್ತಿದೆ ಸಿಸ್ಟರ್," ಎಂದಿತು ಗೊಂಬೆ.

ಆ ಧ್ವನಿ ತರಬೇತಿ ಕೋಣೆಯ ಗಾಜಿನಾಚೆ ಮೈಕ್ ಹಿಡಿದು ಕೂತಿದ್ದ ದೊಡ್ಡ ಸಿಸ್ಟರದ್ದು ಎಂದು ಹೊಸ ನರ್ಸಿಗೆ ಗೊತ್ತಿತ್ತು. ಆದರೂ ಮಂಚದ ಮೇಲಿನ ರಬ್ಬರ್ ಮೈ ಕಂಡು ಅವಳಿಗೆ ಅಯ್ಯೋ ಪಾಪ ಅನ್ನಿಸಿತು. ತೊಡೆಯ ಆಪರೇಷನ್ ಆಗಿ ಎರಡು ಗಂಟೆ ಎಂದು ಚೀಟಿಯಲ್ಲಿತ್ತು. ನಾಡಿ ಹಿಡಿದಳು, ಓಡುತ್ತಿತ್ತು. ಚಳಿಗಿರಬೇಕು ಅಂದುಕೊಂಡು ಹೊದಿಕೆಯನ್ನು ಗಲ್ಲದವರೆಗೆ ಎಳೆದು, ಅಂಚು ಸಿಕ್ಕಿಸಿ, ತಲೆ ಸವರಿದಳು. "ಈಗ ಬೆಚ್ಚಗಾಗುತ್ತೆ, ಮಲ್ಕೊಳ್ಳಿ." ಜೊತೆಗೆ ಕೆಲಸಕ್ಕೆ ಸೇರಿದವರು ಮುಸಿಮುಸಿ ನಕ್ಕರು.

ಹತ್ತೇ ನಿಮಿಷದಲ್ಲಿ ಗೊಂಬೆ ಸತ್ತಿತು.

ದೊಡ್ಡ ಸಿಸ್ಟರ್ ಬಂದು ಹೊದಿಕೆ ಎತ್ತಿದರು. ಹಾಸಿಗೆಯೆಲ್ಲ ಕೆಂಪು ನೀರು. ಈಗ ಯಾರೂ ನಗಲಿಲ್ಲ. ಹೊಸ ನರ್ಸಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

"ನಿಜವಾದ ರೋಗಿ ಆಗಿದ್ರೆ ಕೊಂದುಬಿಡ್ತಿದ್ದೆ ಮೇಡಂ. ಈ ಕೆಲಸ ನನ್ನ ಕೈಲಾಗಲ್ಲ."

"ಆಗಿರ್ಲಿಲ್ವಲ್ಲ! ಇವಳು ನೂರು ಸಲ ಸತ್ರೂ ಬೇಜಾರು ಮಾಡ್ಕೊಳ್ಳಲ್ಲ. ರಕ್ತ ಸೋರಿದ್ರೂ ಚಳಿ ಆಗುತ್ತೆ, ನಾಡಿ ಓಡುತ್ತೆ. ಮೊದಲು ಎತ್ತಿ ನೋಡು, ಆಮೇಲೆ ಹೊದಿಸು. ರಕ್ತ ಕಂಡ್ರೆ ಒತ್ತಿ ಹಿಡಿದು ಕೂಗು."

"ಕೂಗೋಕೆ ನಾಚಿಕೆ ಆಗುತ್ತೆ."

"ನಾಚಿಕೆನ ಮನೇಲಿ ಬಿಟ್ಟು ಬಾ. ಹ್ಞೂಂ, ಇನ್ನೊಂದ್ಸಲ."

ಒಂದಲ್ಲ, ಏಳು ಸಲ. ಊಟದ ಹೊತ್ತು ಮೀರಿತು. ಪ್ರತಿ ಸಲವೂ ದೊಡ್ಡ ಸಿಸ್ಟರೇ ಮಂಡಿಯೂರಿ ಕೂತು ಗೊಂಬೆಯ ತೊಡೆಯೊಳಗಿನ ಚೀಲಕ್ಕೆ ಕೆಂಪು ನೀರು ತುಂಬಿದರು. ಸ್ವಂತ ಅಕ್ಕನಿಗೂ ಅಷ್ಟು ತಾಳ್ಮೆ ಇರುತ್ತಿರಲಿಲ್ಲ.

ಮೂರನೇ ವಾರ, ವಾರ್ಡಿನಲ್ಲಿ, ಬೆಳಿಗ್ಗೆಯಷ್ಟೇ ತೊಡೆಯ ಆಪರೇಷನ್ ಆಗಿದ್ದ ಅಜ್ಜಿ ಗೊಣಗಿದಳು. "ಚಳಿ ಕಣಮ್ಮ. ಇನ್ನೊಂದು ಹೊದಿಕೆ ಇದ್ರೆ ಹಾಕು."

ಹೊಸ ನರ್ಸ್ ಇದ್ದ ಹೊದಿಕೆಯನ್ನೇ ಎತ್ತಿದಳು. ಗಾಯದ ಪಟ್ಟಿ ನೆಂದು ರಕ್ತ ಹಾಸಿಗೆಗೆ ಇಳಿದಿತ್ತು. ಎರಡೂ ಅಂಗೈ ಊರಿ ಒತ್ತಿ ಹಿಡಿದು ಕೂಗಿದಳು. ಎಂಥ ಕೂಗೆಂದರೆ, ಕೆಳಗಿನ ಮಹಡಿಯಿಂದಲೂ ಜನ ಓಡಿಬಂದರು. ಡಾಕ್ಟರು ಬರುವವರೆಗೂ ಅವಳು ಕೈ ಸಡಿಲಿಸಲಿಲ್ಲ.

ಸಂಜೆ ತರಬೇತಿ ಕೋಣೆಯ ಬಾಗಿಲಲ್ಲಿ ನಿಂತು, ದೊಡ್ಡ ಸಿಸ್ಟರ್‌ಗೆ "ಮೇಡಂ, ನೀವು ಅವತ್ತು..." ಎಂದು ಶುರುಮಾಡಿ, ಬಗ್ಗಿ ಅವರ ಕಾಲು ಮುಟ್ಟಿದಳು. ಋಣ ಎಂದರೆ ಏನೆಂದು ಅವಳಿಗೆ ಅವತ್ತು ತಿಳಿಯಿತು.

"ಗೊತ್ತಾಯ್ತು ಬಿಡು," ಎಂದ ದೊಡ್ಡ ಸಿಸ್ಟರ ಕಣ್ಣು ಒದ್ದೆಯಾಗಿತ್ತು. "ಬೆಳಿಗ್ಗೆ ಹೋಗಿ ಅಜ್ಜೀನ ಮಾತಾಡ್ಸು."

ಬೆಳಿಗ್ಗೆ ಅಜ್ಜಿ ದಿಂಬಿಗೆ ಒರಗಿದ್ದಳು. "ನೀನೇನಾ ಆ ಪಾಟಿ ಕಿರುಚಿದ್ದು? ನನ್ನ ಜೀವ ಬಾಯಿಗೆ ಬಂದಿತ್ತು ಕಣೇ!"

"ಹೌದಜ್ಜಿ, ನಾನೇ," ಎಂದು ಅವಳು ಹಾಲಿನ ಲೋಟವನ್ನು ಅಜ್ಜಿಯ ತುಟಿಗೆ ಹಿಡಿದಳು.

ಅಜ್ಜಿ ಗುಟುಕು ಗುಟುಕಾಗಿ ಪೂರ್ತಿ ಕುಡಿದಳು. ಮೇಲ್ತುಟಿಯ ಕೆನೆಯನ್ನು ಅಂಗೈಯಿಂದ ಒರೆಸಿಕೊಂಡು, ಖಾಲಿ ಲೋಟದೊಳಗೆ ಇಣುಕಿ, "ಇಷ್ಟೇನಾ?" ಎಂದಳು.