ಐದು ಗೇಣಿನ ಕಿಟಕಿ

ಅಪ್ಪನ ಗೇಣು ಒಂಬತ್ತು ಇಂಚು. ನನ್ನದು ಏಳು. ಇಷ್ಟು ಸಣ್ಣ ವಿಷಯ ನನಗೆ ಗೊತ್ತಾಗಿದ್ದು ಗೋಡೆ ಎದ್ದು, ಕಿಟಕಿ ಕೂತು, ಬಣ್ಣವೂ ಒಣಗಿದ ಮೇಲೆ.

ಅಪ್ಪ ಬಾಡಿಗೆಗೆ ಕಾರು ಓಡಿಸುತ್ತಿದ್ದ. ಸ್ವಂತ ಕಾರು, ಬಿಳಿ ಬಣ್ಣದ್ದು, ವಯಸ್ಸಿನಲ್ಲಿ ನನಗಿಂತ ಒಂದು ವರ್ಷ ದೊಡ್ಡದು. ಅಮ್ಮ ಅದನ್ನು "ನಿಮ್ಮ ಹಿರಿ ಮಗಳು" ಎನ್ನುತ್ತಿದ್ದಳು. ಅದಕ್ಕೆ ಅಪ್ಪನ ಉತ್ತರ ಸದಾ ಒಂದೇ: "ಹಿರಿಯವಳು ಒತ್ತಿದ್ರೆ ಮಾತ್ರ ಕೂಗ್ತಾಳೆ. ಕಿರಿಯವಳು ಒತ್ತದಿದ್ರೂ ಕೂಗ್ತಾನೇ ಇರ್ತಾಳೆ." ಹಾಗಾಗಿ ಮನೆಯಲ್ಲಿ ನನ್ನ ಹೆಸರು ಹಾರ್ನು. ಕಾಲೇಜಿಗೆ ಹೋದ ಮೇಲೂ ಅದೇ.

ನಮ್ಮದು ಮಹಡಿ ಮನೆ. ಮೇಲೆ ನಾವು, ಕೆಳಗೆ ಕಾರಿನ ಗ್ಯಾರೇಜು. ಗ್ಯಾರೇಜು ಕಟ್ಟುವಾಗ ಅಪ್ಪ ಟೇಪು ಮುಟ್ಟಿರಲಿಲ್ಲವಂತೆ. ಬಲಗೈ ಅಗಲಿಸಿ, ಹೆಬ್ಬೆರಳಿನ ತುದಿಯಿಂದ ಕಿರುಬೆರಳಿನ ತುದಿಗೆ ಒಂದು ಗೇಣು, ಎರಡು ಗೇಣು ಎಂದು ನೆಲದ ಮೇಲೆ ಅಳೆದುಕೊಂಡೇ ಹೋಗಿದ್ದನಂತೆ. ಕಾರು ಒಳಗೆ ನಿಂತರೆ ಎರಡೂ ಬದಿಗೆ ಎರಡೆರಡು ಗೇಣು ಜಾಗ. ಅದಕ್ಕಿಂತ ಒಂದು ಬೆರಳು ಹೆಚ್ಚಿಲ್ಲ. ಹೊಟ್ಟೆ ಒಳಗೆ ಎಳೆದುಕೊಂಡರೆ ಮಾತ್ರ ಇಳಿಯಲು ಆಗುತ್ತಿತ್ತು.

ಅಪ್ಪನಿಗೆ ಒಂದು ಅಭ್ಯಾಸ ಇತ್ತು. ಎಲ್ಲಿಗೇ ಬಾಡಿಗೆ ಹೋಗಿರಲಿ, ಸಂಜೆ ಐದೂವರೆಗೆ ಮನೆಗೆ ಬಂದು, ಕಾರನ್ನು ಹಿಂದಕ್ಕೆ ಓಡಿಸಿ ಗ್ಯಾರೇಜಿಗೆ ಸೇರಿಸಿ, ಮೂತಿ ರಸ್ತೆಯ ಕಡೆ ಇಟ್ಟು, ಸ್ಟೀರಿಂಗ್ ಹಿಂದೆಯೇ ಕೂತಿರುತ್ತಿದ್ದ. ಐದು ನಲವತ್ತಕ್ಕೆ ರಸ್ತೆಯ ತಿರುವಿನ ಬಸ್‌ಸ್ಟಾಪಿನಲ್ಲಿ ಅಮ್ಮ ಇಳಿಯುತ್ತಿದ್ದಳು. ಅವಳು ಬಟ್ಟೆ ಕಾರ್ಖಾನೆಯಲ್ಲಿ ಶರ್ಟಿನ ಕಾಲರ್ ಹೊಲಿಯುತ್ತಾಳೆ. ಅವಳ ಕಾಲು ನೆಲಕ್ಕೆ ತಾಗಿದ ಕೂಡಲೇ ಅಪ್ಪ ಕಾರಿನ ದೀಪ ಎರಡು ಸಲ ಮಿನುಗಿಸುತ್ತಿದ್ದ. ಅಮ್ಮ ಕಣ್ಣಿಗೆ ಕೈ ಅಡ್ಡ ಹಿಡಿದು ಅಲ್ಲಿಂದಲೇ ಬೈಯುತ್ತಾ ಬರುತ್ತಿದ್ದಳು: "ಬ್ಯಾಟರಿ ಏನು ನಿಮ್ಮಪ್ಪ ಕೊಡಿಸ್ತಾರಾ?"

ಹೋದ ವರ್ಷ ಅಪ್ಪನಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಎರಡೂ ಹೋದವು. ಮಾತು ಉಳಿಯಿತು, ಆದರೆ ಒಂದೊಂದು ಪದಕ್ಕೂ ಬೆಟ್ಟ ಹತ್ತಿ ಇಳಿದ ಹಾಗೆ. ನಾಲ್ಕು ಜನ ಸೇರಿ ಅವನನ್ನು ಮೇಲಿನ ಮನೆಗೆ ಹೊತ್ತು ತಂದರು. ಅಲ್ಲಿಂದ ಅವನಿಗೆ ಕಾಣುತ್ತಿದ್ದುದು ಚಾವಣಿ ಮತ್ತು ನಾನು. ಮೂರು ತಿಂಗಳು ಅವನು ಹೊರಗಿನ ಗಾಳಿ ಕುಡಿಯಲಿಲ್ಲ. ಕಾರು ಮಾರಿದ ದಿನ ಅಮ್ಮ ಮೇಲಿನ ಕಿಟಕಿ ಬಾಗಿಲು ಎಲ್ಲ ಮುಚ್ಚಿ, ರೇಡಿಯೋ ಜೋರಾಗಿ ಹಾಕಿಟ್ಟಳು, ಎಂಜಿನ್ ಸದ್ದು ಕೇಳಿಸದಿರಲಿ ಎಂದು. ಅಪ್ಪ ಕೇಳಿಸಿಕೊಂಡ. ಯಾವ ಗಾಡಿಯ ಸದ್ದು ಕೇಳಿದರೂ ಅವನಿಗೆ ಅದು ಎಷ್ಟನೇ ಗೇರು ಎಂದು ಗೊತ್ತಾಗುತ್ತದೆ.

ಖಾಲಿಯಾದ ಗ್ಯಾರೇಜನ್ನೇ ಅಪ್ಪನ ಕೋಣೆ ಮಾಡೋಣ ಎಂದಿದ್ದು ಅಮ್ಮ. ಶಟರ್ ತೆಗೆದು ಆ ಜಾಗಕ್ಕೆ ಗೋಡೆ. ಗೋಡೆಯಲ್ಲಿ ಗಾಲಿಕುರ್ಚಿ ಹಿಡಿಸುವಷ್ಟು ಅಗಲದ ಬಾಗಿಲು, ಪಕ್ಕದಲ್ಲಿ ಒಂದು ಕಿಟಕಿ. ಮೇಸ್ತ್ರಿ ಬಂದು ಕಿಟಕಿಯ ಅಳತೆ ಕೇಳಿದ. ಅಮ್ಮ ಕೆಲಸಕ್ಕೆ ಹೋಗಿದ್ದಳು. ನಾನು ಮೇಲೆ ಓಡಿ ಅಪ್ಪನನ್ನು ಕೇಳಿದೆ.

ಅಪ್ಪ ಕಣ್ಣು ಮುಚ್ಚಿದ. ತುಂಬಾ ಹೊತ್ತು ಲೆಕ್ಕ ಹಾಕಿದ. ಆಮೇಲೆ ಎಡಗೈಯ ಐದೂ ಬೆರಳು ತೋರಿಸಿದ. "ಅಗಲ... ಐದು. ಎತ್ತರ... ನಾಲ್ಕು."

"ಐದು ಏನಪ್ಪಾ? ಅಡಿನಾ? ಅರಮನೆ ಕಟ್ಟಿಸ್ತಿದ್ದೀಯಾ?"

"ಗೇಣು." ತುಸು ತಡೆದು, "ಬಾಗಿಲಿಂದ... ಎಡಕ್ಕೆ. ಮಂಚದ ಸಮಕ್ಕೆ."

"ಆಯ್ತು ಎಂಜಿನಿಯರ್ ಸಾಹೇಬ್ರೇ."

"ಸ್ವಿಚ್ಚು... ಎಡಗಡೆ. ಕೈಗೆ... ಸಿಗೋ ಹಾಗೆ."

ಸ್ವಿಚ್ಚು ಯಾಕೆಂದು ನಾನು ಕೇಳಲಿಲ್ಲ. ಅಪ್ಪ ಮೂರು ತಿಂಗಳಲ್ಲಿ ಮೊದಲ ಸಲ ಇಷ್ಟು ಮಾತಾಡಿದ್ದ, ನನಗೆ ಆ ಖುಷಿಯೇ ಸಾಕಾಗಿತ್ತು. ಎರಡೆರಡು ಮೆಟ್ಟಿಲು ಹಾರಿ ಕೆಳಗೆ ಬಂದು, ಶಟರಿನ ಮೇಲೆ ಸೀಮೆಸುಣ್ಣ ಹಿಡಿದು ಅಳೆಯತೊಡಗಿದೆ. ಒಂದು ಗೇಣು, ಎರಡು ಗೇಣು... ಮೂರಕ್ಕೆ ನಗು ಬಂದು ಕೈ ಜಾರಿತು. ಮತ್ತೆ ಮೊದಲಿಂದ.

"ಏನವ್ವಾ, ಕುಂಟೆಬಿಲ್ಲೆ ಆಡ್ತಿದ್ದೀಯಾ?" ಎಂದ ಮೇಸ್ತ್ರಿ.

"ಸುಮ್ನಿರು ಮೇಸ್ತ್ರಿ ಮಾಮ, ಎಣಿಕೆ ತಪ್ಪುತ್ತೆ."

ಅವನು ನನ್ನ ಗೆರೆಗಳ ಮೇಲೆ ಟೇಪು ಎಳೆದ. ಮೂವತ್ತೈದು ಇಂಚು ಅಗಲ, ಇಪ್ಪತ್ತೆಂಟು ಎತ್ತರ. ತಲೆ ಕೆರೆದುಕೊಂಡ. "ಕಾರು ನಿಲ್ಲಿಸೋ ಗ್ಯಾರೇಜಿಗಾದ್ರೆ ಇದು ಧಾರಾಳ ಆಯ್ತು. ಆದ್ರೆ ಮನುಷ್ಯರು ದಿನವೆಲ್ಲಾ ಮಲಗೋ ಜಾಗ ನೋಡು. ನಾಲ್ಕಡಿಗೆ ಮೂರಡಿ ಇಟ್ಬಿಡೋಣ್ವಾ?"

"ನಮ್ಮಪ್ಪ ಹೇಳಿದ್ದು ಐದು ಗೇಣು. ಐದು ಅಂದ್ರೆ ಐದೇ."

ಎಷ್ಟು ಜಂಬದಿಂದ ಹೇಳಿದೆ! ಈಗ ನೆನೆಸಿಕೊಂಡರೆ ಮುಖ ಎಲ್ಲಿಡಲಿ ಅನಿಸುತ್ತದೆ.

ಕಿಟಕಿ ಕೂತಿತು. ಅಪ್ಪನನ್ನು ಕೆಳಗೆ ತಂದು, ಎಡಗೋಡೆಗೆ ಒತ್ತಿ ಹಾಕಿದ ಮಂಚದ ಮೇಲೆ, ಕಿಟಕಿ ಕಡೆ ಕಾಲು ಮಾಡಿ, ಬೆನ್ನಿಗೆ ಮೂರು ದಿಂಬು ಕೊಟ್ಟು ಕೂರಿಸಿದೆವು. ಅವನು ಹೊರಗೆ ನೋಡಿದ. ಎದುರುಮನೆಯ ಕಾಂಪೌಂಡು, ಕರೆಂಟ್ ಕಂಬ, ನಮ್ಮ ಗೇಟು, ಗೇಟಿನ ಮುಂದೆ ಮೂವತ್ತು ಹೆಜ್ಜೆಯಷ್ಟು ರಸ್ತೆ. ಕತ್ತು ಚೂರು ಎಡಕ್ಕೆ ತಿರುಗಿಸಿದ. ಇನ್ನೂ ಚೂರು.

"ಹೇಗಿದೆ ಅಪ್ಪಾ? ಅಳತೆ ಯಾರದ್ದು ಹೇಳು!"

ಅಪ್ಪ ನನ್ನ ಕೈ ನೋಡಿದ. ಮುಖವನ್ನಲ್ಲ, ಕೈಯನ್ನು. ಆಮೇಲೆ ಹೇಳಿದ: "ಚೆ...ನ್ನಾ...ಗಿದೆ."

ಅಮ್ಮನಂತೂ ಹಿಗ್ಗಿ ಹೋದಳು. ಅಪ್ಪ ಬಿದ್ದಾಗಿನಿಂದ ಅಮ್ಮ ಒಂದು ಹನಿ ಕಣ್ಣೀರು ಹಾಕಿದ್ದನ್ನು ಯಾರೂ ಕಂಡಿಲ್ಲ. ಆಸ್ಪತ್ರೆಯಲ್ಲೂ ಇಲ್ಲ, ಕಾರು ಮಾರಿದ ದಿನವೂ ಇಲ್ಲ. ಗಟ್ಟಿಗಿತ್ತಿ ಎಂದು ಬೀದಿಯೆಲ್ಲ ಹೊಗಳುತ್ತದೆ. ದಿನಾ ಸಂಜೆ ಗೇಟಿನಿಂದಲೇ ನಗುತ್ತಾ ಬರುತ್ತಾಳೆ. "ಏನ್ರೀ ಸಾಹುಕಾರ್ರೇ, ಮಲಗಿದ್ದಲ್ಲೇ ಊರು ಆಳ್ತಿದ್ದೀರಾ?" ಗಡಿಯಾರ ಆಗ ಐದು ಐವತ್ತೈದು ತೋರಿಸುತ್ತಿರುತ್ತದೆ. "ಹಾಳಾದ ಬಸ್ಸು, ದಿನಾ ಲೇಟು" ಎನ್ನುತ್ತಾ ಚಪ್ಪಲಿ ಬಿಡುತ್ತಾಳೆ.

ಹೀಗೇ ಒಂದು ತಿಂಗಳಾಯಿತು. ಒಂದು ಸಂಜೆ ನಾನು ಮೇಲೆ ಚಹಾ ಕುದಿಸುತ್ತಿದ್ದೆ. ಕೆಳಗೆ ದಪ್ ಎಂದು ಸದ್ದು.

ಅಪ್ಪ ನೆಲದ ಮೇಲಿದ್ದ. ಮಂಚದ ಬಲಬದಿಯಿಂದ ಬಿದ್ದಿದ್ದ. ಅದು ಅವನ ಸತ್ತ ಬದಿ. ಹಿಡಿದುಕೊಳ್ಳಲು ಆ ಕಡೆ ಕೈಯೇ ಇಲ್ಲ. ಮುಖ ಒದ್ದೆಯಾಗಿತ್ತು.

"ಎಲ್ಲಿ ನೋಯ್ತಿದೆ ಅಪ್ಪಾ? ಎಲ್ಲಿಗೆ ಹೊರಟಿದ್ದೆ ನೀನು?"

"ನೀರು" ಎಂದ.

ನೀರಿನ ಚೊಂಬು ಎಡಗಡೆ ಗೂಡಿನಲ್ಲಿತ್ತು. ಕೈ ಚಾಚಿದರೆ ಸಿಗುವ ಹಾಗೆ ನಾನೇ ಇಟ್ಟಿದ್ದೆ.

ಅಷ್ಟರಲ್ಲಿ ಅಮ್ಮ ಬಂದಳು. ಗೇಟಿನಲ್ಲಿದ್ದ ನಗು ಬಾಗಿಲಲ್ಲಿ ಮಾಯವಾಯಿತು. ಇಬ್ಬರೂ ಸೇರಿ ಅಪ್ಪನನ್ನು ಎತ್ತಿ ಮಲಗಿಸಿದೆವು. "ಈ ವಯಸ್ಸಲ್ಲಿ ಓಡಿ ಹೋಗೋ ಪ್ಲಾನಾ? ಯಾರ್ರೀ ಅವಳು?" ಎಂದು ಅಮ್ಮ ಮತ್ತೆ ನಗಿಸಲು ನೋಡಿದಳು. ಅಪ್ಪ ನಗಲಿಲ್ಲ. ಅವಳ ಮುಖವನ್ನೇ ನೋಡುತ್ತಿದ್ದ.

ಮರುದಿನ ಬೆಳಗ್ಗೆ ಅಮ್ಮ ಹೋದ ಮೇಲೆ ಅಪ್ಪನನ್ನು ಗಾಲಿಕುರ್ಚಿಗೆ ಇಳಿಸಿ, ಅವನ ಜಾಗದಲ್ಲಿ ನಾನೇ ಮಲಗಿದೆ. ಆ ಚೊಂಬಿನ ವಿಷಯ ತಲೆ ಕೊರೆಯುತ್ತಿತ್ತು. ಎದುರುಮನೆ, ಕಂಬ, ಗೇಟು. ಎಡಕ್ಕೆ ನೋಡಿದರೆ ಗೋಡೆ. ರಸ್ತೆಯ ತಿರುವು ಆ ಗೋಡೆಯ ಹಿಂದೆ. ಬಸ್‌ಸ್ಟಾಪೂ ಅದರ ಹಿಂದೆ.

ಆಗ ಎಲ್ಲವೂ ಒಟ್ಟಿಗೆ ಹೊಳೆಯಿತು. ಐದು ಗೇಣು, ಬಾಗಿಲಿಂದ ಎಡಕ್ಕೆ, ಸ್ವಿಚ್ಚು ಎಡಗಡೆ.

ಎದ್ದು ಅಪ್ಪನ ಬಲಗೈ ತೊಡೆಯ ಮೇಲಿಂದ ತೆಗೆದುಕೊಂಡೆ. ಬೆರಳುಗಳು ಮುದುಡಿದ್ದವು. ಒಂದೊಂದನ್ನೇ ಬಿಡಿಸಿದೆ. ಅಂಗೈಯನ್ನು ಗೋಡೆಗೆ ಒತ್ತಿ, ಅದರ ಮೇಲೆ ನನ್ನ ಕೈ ಅಗಲಿಸಿ ಇಟ್ಟೆ. ನನ್ನ ಗೇಣು ಮುಗಿದ ಮೇಲೂ ಅಪ್ಪನ ಗೇಣು ಎರಡು ಇಂಚು ಉಳಿದಿತ್ತು. ಐದು ಗೇಣಿಗೆ ಹತ್ತು ಇಂಚು. ಆ ಹತ್ತು ಇಂಚಿನಲ್ಲಿ ನಾನು ಅಮ್ಮನನ್ನು ಗೋಡೆ ಹಿಂದೆ ಹಾಕಿ ಗಾರೆ ಮೆತ್ತಿಸಿದ್ದೆ.

"ಅಪ್ಪಾ, ನಿನಗೆ ಮೊದಲ ದಿನಾನೇ ಗೊತ್ತಾಗಿತ್ತಲ್ವಾ? ಯಾಕೆ ಹೇಳ್ಲಿಲ್ಲ?"

"ಹಾರ್ನು... ಅಳುತ್ತೆ."

ಹಾರ್ನು ಅತ್ತಿತು. ಚೆನ್ನಾಗಿಯೇ ಅತ್ತಿತು. ಮೂಗು ಒರೆಸಿಕೊಂಡು, "ಒಡೆಸ್ತೀನಿ. ಮೇಸ್ತ್ರಿನ ಕರೆದು ಇವತ್ತೇ ಒಡೆಸ್ತೀನಿ" ಎಂದೆ.

"ಬೇಡ."

"ಸುಮ್ನಿರಪ್ಪಾ, ಇದು ನನ್ನ ತಪ್ಪು."

"ಬೇಡ, ಹಾರ್ನು." ಎಡಗೈಯಿಂದ ನನ್ನ ಮಣಿಕಟ್ಟು ಹಿಡಿದ. ಆ ಹಿಡಿತದಲ್ಲಿ ಸ್ಟೀರಿಂಗ್ ಹಿಡಿದವನ ಬಲ ಇನ್ನೂ ಇತ್ತು. "ಇರ್ಲಿ."

ನನಗೆ ಬೇಸರವಾಗದಿರಲಿ ಎಂದೇ ಹೀಗೆ ಹೇಳುತ್ತಿದ್ದಾನೆ ಅಂದುಕೊಂಡೆ. ಮೇಸ್ತ್ರಿಗೆ ಫೋನು ಮಾಡಿದೆ. "ನಾಳೆ ಬರ್ತೀನಿ. ಈ ಸಲ ಕೈಯಲ್ಲಿ ಅಳೀಬೇಡ ತಾಯಿ. ಮಂಚದ ಮೇಲೆ ಮಲಗಿ, ಏನು ಕಾಣ್ಬೇಕೋ ನೋಡಿ, ಗೋಡೆ ಮೇಲೆ ಗೆರೆ ಹಾಕಿಡು" ಎಂದ.

ಸಂಜೆ ಐದೂವರೆಗೆ ಅಪ್ಪನನ್ನು ಕುರ್ಚಿಗೆ ಇಳಿಸಿ, ನಾನು ಪೆನ್ಸಿಲು ಹಿಡಿದು ಮಲಗಿದೆ. ಅಪ್ಪ "ಬೇಡ" ಎಂದ. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ನಿನ್ನೆ ಅವನು ಮಾಡಿದಂತೆಯೇ ಬಲಕ್ಕೆ ಜರುಗಿದೆ, ಇನ್ನೂ ಜರುಗಿದೆ. ಅರ್ಧ ಮೈ ಮಂಚದಿಂದ ಹೊರಗೆ ಬಂದು ಕತ್ತು ಜೋತುಬಿದ್ದಾಗ, ಕಿಟಕಿಯ ಎಡ ಅಂಚಿನಲ್ಲಿ ಬಸ್‌ಸ್ಟಾಪಿನ ಬೆಂಚು ಕಂಡಿತು.

ಬಸ್ಸು ಬಂತು. ಐದು ನಲವತ್ತಕ್ಕೆ, ಒಂದು ನಿಮಿಷವೂ ಲೇಟಿಲ್ಲ.

ಅಮ್ಮ ಇಳಿದಳು. ಬಸ್ಸು ಹೋಯಿತು. ಅಮ್ಮ ಮನೆಯ ಕಡೆ ಹೆಜ್ಜೆ ಇಡಲಿಲ್ಲ. ಬೆಂಚಿನ ಮೇಲೆ ಕೂತಳು. ಚೀಲವನ್ನು ತೊಡೆಯ ಮೇಲಿಟ್ಟು ಅದರೊಳಗೆ ಮುಖ ಹಾಕಿದಳು. ಏನೋ ಹುಡುಕುತ್ತಿದ್ದಾಳೆ ಅಂದುಕೊಂಡೆ. ಆಮೇಲೆ ಅವಳ ಭುಜ ಕಂಡಿತು. ಹೊಲಿಗೆ ಯಂತ್ರದ ಮೇಲೆ ಇಟ್ಟ ಬಟ್ಟೆಯ ಹಾಗೆ ಅದುರುತ್ತಿತ್ತು. ಎಷ್ಟೋ ಹೊತ್ತು. ಒಬ್ಬ ಮುದುಕ ಬಂದು ಬೆಂಚಿನ ಇನ್ನೊಂದು ತುದಿಯಲ್ಲಿ ಕೂತ. ದಿನಾ ನೋಡುವವನಂತೆ ಬೇರೆ ಕಡೆ ತಿರುಗಿಕೊಂಡ. ಅಮ್ಮ ಬಾಟಲಿಯ ನೀರಿನಿಂದ ಮುಖ ತೊಳೆದು, ಕರ್ಚೀಫಿನಿಂದ ಒತ್ತಿಕೊಂಡಳು. ಕೊನೆಗೆ ತುಟಿಯನ್ನು ಎರಡೂ ಕಡೆ ಎಳೆದು ನೋಡಿಕೊಂಡಳು, ಹೊಲಿಗೆ ಶುರು ಮಾಡುವ ಮೊದಲು ದಾರ ಎಳೆದು ನೋಡುವ ಹಾಗೆ. ಎದ್ದಳು.

ನಾನು ತಿರುಗಿದೆ. ಅಪ್ಪ ಕಿಟಕಿ ನೋಡುತ್ತಿರಲಿಲ್ಲ, ನನ್ನನ್ನು ನೋಡುತ್ತಿದ್ದ. ನಿನ್ನೆ ಅವನು ಬಿದ್ದಿದ್ದು ಯಾಕೆ, ಮುಖ ಒದ್ದೆಯಾಗಿದ್ದು ಯಾಕೆ, ಬೇಡ ಎಂದಿದ್ದು ಯಾಕೆ, ಯಾವುದನ್ನೂ ನಾನು ಕೇಳಬೇಕಾಗಲಿಲ್ಲ. ಅವನು ಎಡಗೈ ಬೆರಳನ್ನು ತುಟಿಯ ಮೇಲಿಟ್ಟುಕೊಂಡ.

ನಾನು ಪೆನ್ಸಿಲನ್ನು ದಿಂಬಿನ ಕೆಳಗೆ ತುರುಕಿದೆ.

ಮರುದಿನ ಮೇಸ್ತ್ರಿ ಉಳಿ, ಸುತ್ತಿಗೆ ಹೊತ್ತು ಬಂದ. "ಎಲ್ಲವ್ವಾ ಗೆರೆ?"

"ಬೇಡ ಮೇಸ್ತ್ರಿ ಮಾಮ. ಸರಿಯಾಗೇ ಇದೆ."

"ನಿನ್ನೆ ಫೋನಲ್ಲಿ ಅತ್ತು ಕರೆದು ರಂಪ ಮಾಡಿದ್ದು ಯಾರು ಮತ್ತೆ?" ಒಳಗೆ ಬಗ್ಗಿ ಅಪ್ಪನನ್ನು ಕೇಳಿದ: "ಏನ್ ಯಜಮಾನ್ರೇ, ಇಷ್ಟೇ ಸಾಕಾ?"

"ಸಾಕು" ಎಂದ ಅಪ್ಪ. ಆ ಪದ ಮಾತ್ರ ಒಂದೇ ಸಲಕ್ಕೆ, ತೊಡಕಿಲ್ಲದೆ ಬಂತು.

ಈಗ ಸಂಜೆ ಐದೂವರೆಗೆ ನಾನೂ ಕೆಳಗೇ ಇರುತ್ತೇನೆ, ಮಂಚದ ಬಲಬದಿಯಲ್ಲಿ, ಅಪ್ಪ ಜರುಗಲಾಗದ ಹಾಗೆ. ಬಸ್ಸು ಬಂದ ಸದ್ದು ಇಬ್ಬರಿಗೂ ಕೇಳುತ್ತದೆ. ಎರಡನೇ ಗೇರಿನಲ್ಲಿ ತಿರುವು ದಾಟಿ ಅದು ಹೊರಟು ಹೋಗುತ್ತದೆ. ಆಮೇಲಿನ ಹದಿನೈದು ನಿಮಿಷ ಅಪ್ಪನ ಮುದುಡಿದ ಕೈ ಬಿಡಿಸುತ್ತಾ, ಎಣ್ಣೆ ಹಚ್ಚುತ್ತಾ ಕೂತಿರುತ್ತೇನೆ. ಅಪ್ಪ ಎದುರುಮನೆಯ ಕಾಂಪೌಂಡು ನೋಡುತ್ತಿರುತ್ತಾನೆ. ಇಬ್ಬರೂ ಎಡಕ್ಕೆ ತಿರುಗುವುದಿಲ್ಲ.

ಅಮ್ಮ ಕಿಟಕಿಯೊಳಗೆ ಬರುವಾಗ ಆಗಲೇ ನಗುತ್ತಿರುತ್ತಾಳೆ. ಅಪ್ಪ ಎಡಗೈ ಚಾಚಿ ಸ್ವಿಚ್ಚು ಒತ್ತುತ್ತಾನೆ. ಹಗಲು ಬೆಳಕಿನಲ್ಲಿ ಕೋಣೆಯ ದೀಪ ಎರಡು ಸಲ ಮಂಕಾಗಿ ಮಿನುಗುತ್ತದೆ. ಅಮ್ಮ ಕಣ್ಣಿಗೆ ಕೈ ಅಡ್ಡ ಹಿಡಿಯುತ್ತಾಳೆ.

"ಕರೆಂಟ್ ಏನು ನಿಮ್ಮಪ್ಪ ಕೊಡಿಸ್ತಾರಾ?"

ಅವಳು ಬಸ್ಸಿನ ಮಾತೆತ್ತುವ ಮೊದಲೇ ಅಪ್ಪ ಕೇಳಿಬಿಡುತ್ತಾನೆ. ಆ ಎರಡು ಪದವನ್ನು ಅವನು ಮಧ್ಯಾಹ್ನದಿಂದಲೇ ಸಿದ್ಧ ಮಾಡಿಟ್ಟುಕೊಂಡಿರುತ್ತಾನೆ.

"ಬಸ್ಸು... ಲೇಟಾ?"

"ಹೂಂ ಕಣ್ರೀ" ಎನ್ನುತ್ತಾಳೆ ಅಮ್ಮ, ಬಗ್ಗಿ ಚಪ್ಪಲಿ ಬಿಡುತ್ತಾ. "ದಿನಾ ಲೇಟು."