ಕಾಗದದಾಗ ಬರೀರಿ

"ಇಪ್ಪತ್ತೆರಡು ವರ್ಷದ ಸೇವೆ. ಮನೆಯಲ್ಲಿ ಮದುವೆಗೆ ಬಂದ ಮಗಳು. ನೌಕರಿ ಹೋಗುವುದೇ ಇವರಿಗೆ ದೊಡ್ಡ ಶಿಕ್ಷೆ," ಎನ್ನುತ್ತಿದ್ದರು ಆರೋಪಿ ಪರ ವಕೀಲರು. ಕಟಕಟೆಯಲ್ಲಿ ಪೊಲೀಸ್ ಫೌಜದಾರ ವಿರುಪಾಕ್ಷಪ್ಪ ತಲೆತಗ್ಗಿಸಿ ನಿಂತಿದ್ದ. ಅಪರಾಧ ಸಾಬೀತಾಗಿತ್ತು. ಇವತ್ತು ಚಿಕ್ಕೋಡಿಯ ಕೋರ್ಟಿನಲ್ಲಿ ಶಿಕ್ಷೆ ಎಷ್ಟೆಂಬುದರ ಮಾತು.

ಹಿಂದಿನ ಬೆಂಚಿನಲ್ಲಿ ತುಕಾರಾಮ, ಪಕ್ಕದಲ್ಲಿ ಹೆಂಡತಿ ಸುಂದರಾ. ಒಂಬತ್ತು ವರ್ಷದ ಹಿಂದೆ, 2004ರಲ್ಲಿ, ಧರೆಪ್ಪನ ದ್ರಾಕ್ಷಿ ತೋಟದ ಪಂಪು ಕಳವಾಗಿತ್ತು. ಧರೆಪ್ಪ ತನ್ನ ಕೂಲಿಯಾಳು ತುಕಾರಾಮನ ಮೇಲೆ ಸಂಶಯಪಟ್ಟ. ಫೌಜದಾರ ಅವನನ್ನು ಠಾಣೆಗೆ ಎಳೆದೊಯ್ದು, "ಕದ್ದೀನಿ ಅನ್ನಲೇ" ಎಂದು ಮೂರು ದಿನ ಬಡಿದ. ತುಕಾರಾಮ ಅನ್ನಲಿಲ್ಲ. ಬಲಗೈ ಮುರಿಸಿಕೊಂಡು ಹೊರಬಂದ. ಬಳ್ಳಿ ಸವರುವುದರಲ್ಲಿ ಅವನನ್ನು ಮೀರಿಸುವವರು ಇರಲಿಲ್ಲ. ಆಮೇಲೆ ಕತ್ತರಿ ಹಿಡಿಯಲಾಗಲಿಲ್ಲ. ಪಂಪು ಮುಂದೆ ಬೇರೊಬ್ಬನ ಹತ್ತಿರ ಸಿಕ್ಕಿತು. ಆದರೂ ಊರಿನ ಬಾಯಲ್ಲಿ ಅವನು 'ಪಂಪಿನ ತುಕ್ಯಾ' ಆಗಿಯೇ ಉಳಿದ.

ಬಸ್ಸಿನಲ್ಲಿ ದಾರಿಯುದ್ದಕ್ಕೂ ಸುಂದರಾ ಹೇಳಿಕೊಟ್ಟಿದ್ದಳು. "ಸಾಹೇಬ್ರು ಕೇಳಿದ್ರ ಹತ್ತ ವರ್ಷ ಅನ್ರಿ. ಕಮ್ಮಿ ಅನಬ್ಯಾಡ್ರಿ."

ನ್ಯಾಯಾಧೀಶರು ಹಿಂದಿನ ಬೆಂಚಿನತ್ತ ನೋಡಿದರು. "ತುಕಾರಾಮ, ನೀವು ಏನಾದರೂ ಹೇಳುವುದಿದೆಯೇ?"

ಅವನು ಎದ್ದ. "ಎಷ್ಟ ವರ್ಷ ಅನ್ನೂದು ನೀವ ನೋಡ್ರಿ ಸಾಹೇಬ್ರ. ನಂದೊಂದ ಮಾತ ಐತ್ರಿ. ನಾ ಪಂಪ್ ಕದ್ದಿಲ್ಲ. ಅದನ್ನ ನಿಮ್ಮ ಕಾಗದದಾಗ ಬರೀರಿ."

ಸುಂದರಾ ಅಂಗಿಯ ತುದಿ ಜಗ್ಗಿದಳು. ಅವನು ಕೂರಲಿಲ್ಲ.

ನ್ಯಾಯಾಧೀಶರು ಬೆರಳಚ್ಚುಗಾರನಿಗೆ ನಿಧಾನವಾಗಿ ಹೇಳಿದರು. "ಖಾಕಿ ತೊಟ್ಟಿದ್ದೆ ಎಂಬುದು ಶಿಕ್ಷೆ ಇಳಿಸಲು ಕಾರಣವಲ್ಲ. ಕಾಯಬೇಕಾದವನೇ ಹೊಡೆದರೆ ಜನ ಎಲ್ಲಿಗೆ ಹೋಗಬೇಕು? ಏಳು ವರ್ಷ ಕಠಿಣ ಸಜೆ." ಮುಂದುವರಿಸಿದರು. "ಇದನ್ನೂ ಬರೆಯಿರಿ. ತುಕಾರಾಮ ಕಳ್ಳತನ ಮಾಡಿಲ್ಲ. ಅವನು ನಿರಪರಾಧಿ."

ವಿರುಪಾಕ್ಷಪ್ಪ ಕಟಕಟೆಯ ಕಂಬಿ ಹಿಡಿದುಕೊಂಡ. ಒಂದು ಕಾಲಕ್ಕೆ ಅವನ ಕೈಕೆಳಗೆ ದುಡಿದಿದ್ದ ಪೇದೆಯೇ ಹತ್ತಿರ ಬಂದು, "ನಡೀರಿ ಸಾಹೇಬ್ರ," ಎಂದ.

ತೀರ್ಪಿನ ಪ್ರತಿ ಕೈಗೆ ಬರಲು ಹದಿನೈದು ದಿನ ಹಿಡಿಯಿತು. ರವಿವಾರ ಬೆಳಿಗ್ಗೆ ಊರಿನ ಬುದ್ಧವಿಹಾರದಲ್ಲಿ ಓಣಿಯ ಜನ ಸೇರಿದ್ದರು. ತುಕಾರಾಮನ ತಂಗಿಯ ಮಗಳು ಸಾರಿಕಾ ತೀರ್ಪನ್ನು ಓದುತ್ತಿದ್ದಳು. ಕಳ್ಳತನದ ಆ ಸಾಲು ಮುಗಿದಾಗ ಬಾಗಿಲ ಕಡೆಯಿಂದ ದನಿ ಬಂತು.

"ಅದನ್ನ ಇನ್ನೊಮ್ಮೆ ಓದವಾ."

ಎಲ್ಲರೂ ತಿರುಗಿದರು. ಹೊರಗೆ ಚಪ್ಪಲಿ ಬಿಟ್ಟು, ಟೊಪ್ಪಿಗೆ ಕೈಯಲ್ಲಿ ಹಿಡಿದು ತೋಟದ ಮಾಲೀಕ ಧರೆಪ್ಪ ನಿಂತಿದ್ದ. ಹೊಸ್ತಿಲು ದಾಟಿರಲಿಲ್ಲ.

ಸಾರಿಕಾ ದನಿ ಎತ್ತರಿಸಿ ಮತ್ತೆ ಓದತೊಡಗಿದಳು. ತುಕಾರಾಮ ಕುಳಿತಲ್ಲೇ ಪಕ್ಕಕ್ಕೆ ಸರಿದು ಚಾಪೆಯಲ್ಲಿ ಒಬ್ಬರಿಗಾಗುವಷ್ಟು ಜಾಗ ಮಾಡಿದ.