ಒಂದು ಗೇಣು ಕಡಿಮೆ

ನಮ್ಮ ಹಳೆಯ ಕಾರು ಅಕ್ಟೋಬರಿನ ಒಂದು ಗುರುವಾರ, ಚೆರ್ತೊವಿತ್ಸ ಘಾಟಿಯ ಇಳಿಜಾರಿನಲ್ಲಿ, ನನ್ನನ್ನೂ ನನ್ನ ಬಾಸಾವನ್ನೂ ಹೊತ್ತುಕೊಂಡೇ ಪ್ರಾಣಬಿಟ್ಟಿತು. ಅದಕ್ಕಾಗಿ ನಾನೇನೂ ಅಳಲಿಲ್ಲ. ಅದಕ್ಕೆ ವಯಸ್ಸಾಗಿತ್ತು, ಹೀಟರು ಬರೀ ಎಡಗಾಲನ್ನು ಬಿಸಿ ಮಾಡುತ್ತಿತ್ತು. ಅಳುವ ಕಾಲ ಬಂದದ್ದು ಮುಂದಿನ ಕಾರು ಯಾವುದು ಎಂಬ ಮಾತು ಎದ್ದ ಮೇಲೆ.

ಬಾಸಾ ಎಂದರೆ ಪಿಟೀಲಿನ ಮುತ್ತಜ್ಜಿ. ನಿಲ್ಲಿಸಿದರೆ ನನಗಿಂತ ಎತ್ತರ, ಮಲಗಿಸಿದರೆ ನಡುಮನೆಯಲ್ಲಿ ಓಡಾಡಲು ಜಾಗವಿಲ್ಲ. ಚಿಕ್ಕವಳಿದ್ದಾಗ ಸಂಗೀತ ಶಾಲೆಯ ಮೇಷ್ಟ್ರು ನನ್ನ ಉದ್ದನೆಯ ಕೈಕಾಲು ನೋಡಿ, "ಈ ಜಿರಾಫೆಗೆ ಬಾಸಾ ಕೊಡಿ" ಎಂದಿದ್ದರು. ಅಂದಿನಿಂದ ಅದು ನನ್ನದು. ಹಗಲೆಲ್ಲ ಬ್ರೆಜ್ನೊ ಪೇಟೆಯ ಹಲ್ಲಿನ ಡಾಕ್ಟರ ಪಕ್ಕದಲ್ಲಿ ನಿಂತು ಜನರ ಬಾಯಿಯ ಎಂಜಲು ಹೀರುವ ಕೊಳವೆ ಹಿಡಿಯುತ್ತೇನೆ. ಗುರುವಾರ ಸಂಜೆ ಮಾತ್ರ ಘಾಟಿ ದಾಟಿ ಲಿಪ್ತೊವ್ ಕಡೆಗೆ ಹೋಗಿ ವೆಂದೆಲ್ ಮಾಮನ ತಂಡದಲ್ಲಿ ನುಡಿಸುತ್ತಿದ್ದೆ. ಮದುವೆಗಳಿದ್ದರೆ ಶನಿವಾರವೂ. ಆ ಗಂಡಸರ ಹಿಂದೆ ನಿಂತು ನಾನು ಕಮಾನು ಎಳೆದರೆ ಮಾತ್ರ ಕುಣಿಯುವವರ ಕಾಲು ಸರಿಯಾಗಿ ನೆಲಕ್ಕೆ ಬೀಳುತ್ತಿತ್ತು. ಜಂಬ ಎಂದುಕೊಳ್ಳಬೇಡಿ, ಲಿಪ್ತೊವ್‌ನಲ್ಲಿ ಯಾರನ್ನಾದರೂ ಕೇಳಿ. ಆ ಒಂದು ಸಂಜೆಗಾಗಿ ಉಳಿದೆಲ್ಲ ದಿನಗಳ ಬಾಯಿಗಳನ್ನು ನಾನು ಸಹಿಸಿಕೊಳ್ಳುತ್ತಿದ್ದೆ.

ಹಾಗಾಗಿ ಯಾವ ಕಾರು ಎಂಬುದರಲ್ಲಿ ನನಗೆ ಗೊಂದಲವೇ ಇರಲಿಲ್ಲ. ಉದ್ದ ಬೆನ್ನಿನ ಕೋಂಬಿ, ನಾಲ್ಕೂ ಚಕ್ರಗಳನ್ನು ಎಂಜಿನ್ನೇ ತಿರುಗಿಸುವಂಥದ್ದು. ಹಿಂದಿನ ಸೀಟಿನ ಒಂದು ಭಾಗ ಮಡಚಿದರೆ ಬಾಸಾ ಉದ್ದಕ್ಕೆ ಮಲಗುತ್ತದೆ, ಪಕ್ಕದಲ್ಲಿ ಮಗಳು ಬಿಬ್ಕಾ ಕೂರುತ್ತಾಳೆ, ಹಿಮ ಬಿದ್ದರೂ ಘಾಟಿ ಹತ್ತಬಹುದು. ನನ್ನ ಗಂಡ ರಾದೊಗೆ ಬೇಕಿದ್ದದ್ದು ಚಿಕ್ಕ ಎಸ್‌ಯುವಿ. ಎತ್ತರದ ನಿಲುವು, ಮೊಟಕು ಬೆನ್ನು. ನಮ್ಮ ಬೀದಿಯಲ್ಲಿ ಮನೆಗೊಂದರಂತೆ ನಿಂತಿರುತ್ತದಲ್ಲ, ಅದು.

"ಎತ್ತರದಲ್ಲಿ ಕೂತ್ರೆ ರಸ್ತೆ ಚೆನ್ನಾಗಿ ಕಾಣ್ಸುತ್ತೆ ಕಣೇ, ಜೆಲ್ಕಾ," ಎಂದ.

"ಯಾವ ರಸ್ತೆ? ಮದುವೆಗೆ ಮುಂಚಿಂದ ಅದೇ ರಸ್ತೇಲಿ ಫ್ಯಾಕ್ಟರಿಗೆ ಹೋಗ್ತಿದ್ದೀಯ. ಇನ್ನೂ ಕಂಡಿಲ್ವಾ?"

"ಅಮ್ಮನ ಮಂಡಿ ಬೇರೆ..."

ಅತ್ತೆ ಪಾವ್ಲೀನಾ ಒಲೆಯ ಹತ್ತಿರದಿಂದಲೇ ಬಾಯಿ ಹಾಕಿದರು. "ಆ ಕೋಂಬಿ ಒಳಗೆ ಕೂತ್ರೆ ಹಳ್ಳಕ್ಕೆ ಬಿದ್ದಂಗಿರುತ್ತೆ. ಎಬ್ಬಿಸೋಕೆ ಇಬ್ರು ಬೇಕು. ನನ್ನ ವಿಷಯ ಬಿಡಿ, ನಾನಿನ್ನು ಎಷ್ಟು ದಿನ ಕೂರ್ತೀನಿ." ನಾನು ಈ ಮನೆಗೆ ಬಂದಾಗಿನಿಂದ ಅತ್ತೆ ಇನ್ನೆಷ್ಟು ದಿನ ಎನ್ನುತ್ತಲೇ ಇದ್ದಾರೆ. ನನಗಿಂತ ಗಟ್ಟಿಯಾಗಿದ್ದಾರೆ.

ರಾದೊ ಜಗಳ ಆಡುವವನಲ್ಲ. ಧ್ವನಿ ಏರಿಸುವುದಿಲ್ಲ, ಕುಡಿದು ಬೀಳುವುದಿಲ್ಲ, ನಾಲ್ಕು ಜನರನ್ನು ನಗಿಸುತ್ತಾನೆ. ಜೆಲ್ಮೀರಾ ಪುಣ್ಯ ಮಾಡಿದ್ದಳು ಎಂದು ಊರವರು ನನ್ನ ಮುಖಕ್ಕೇ ಹೇಳುತ್ತಾರೆ. ಅವತ್ತೂ ನಗುತ್ತ, "ಆಯ್ತಮ್ಮ, ಎರಡೂ ನೋಡೋಣ. ನಿನ್ನ ಬಾಸಾ ಅಜ್ಜಿ ಯಾವುದ್ರಲ್ಲಿ ಮಲಗ್ತಾಳೋ ಅದೇ ತಗೊಳ್ಳೋಣ," ಎಂದ.

ಬಾಸಾದ ಉದ್ದಕ್ಕೆ ಸರಿಯಾಗಿ ಬಟ್ಟೆ ಒಣಹಾಕುವ ಹಗ್ಗ ಕತ್ತರಿಸಿ ಕೈಚೀಲದಲ್ಲಿ ಹಾಕಿಕೊಂಡೆ. ಬಸ್ಸು ಹಿಡಿದು ಬಿಸ್ತ್ರಿತ್ಸದ ಕಾರಂಗಡಿಗೆ ಹೋದೆವು. ಹಗ್ಗದ ಒಂದು ತುದಿ ನಾನು ಹಿಡಿದೆ, ಇನ್ನೊಂದು ತುದಿ ರಾದೊ ಹಿಡಿದ. ಅಂಗಡಿಯವನು ಕತ್ತಿನ ಪಟ್ಟಿ ಸರಿಪಡಿಸಿಕೊಳ್ಳುತ್ತ, "ಮೇಡಂ, ಏನು ಸಾಗಿಸ್ಬೇಕು? ಮರದ ದಿಮ್ಮೀನಾ?" ಎಂದು ಕೇಳಿದ.

"ಅತ್ತೇನ," ಎಂದೆ. "ಮಲಗಿಸಿಕೊಂಡು."

ರಾದೊ ಹೊಟ್ಟೆ ಹಿಡಿದುಕೊಂಡು ನಕ್ಕ. ಕೋಂಬಿಯಲ್ಲಿ ಹಗ್ಗ ಪೂರ್ತಿ ಒಳಗೆ ಹೋಗಿ ಇನ್ನೂ ಜಾಗ ಉಳಿಯಿತು. ಎಸ್‌ಯುವಿಯಲ್ಲಿ ಎಷ್ಟು ಓರೆ ಮಾಡಿದರೂ ಆಗಲಿಲ್ಲ. "ಕೋಂಬಿಗೇ ಸಹಿ ಹಾಕ್ತೀನಿ ಬಿಡು," ಎಂದ ರಾದೊ. ಅವನ ಫ್ಯಾಕ್ಟರಿಯ ಕೆಲಸ ವಾರಕ್ಕೊಮ್ಮೆ ಅವನನ್ನು ಬಿಸ್ತ್ರಿತ್ಸಕ್ಕೆ ಕಳಿಸುತ್ತಿತ್ತು, ಹಾಗಾಗಿ ಉಳಿದದ್ದನ್ನು ಅವನಿಗೇ ಬಿಟ್ಟೆ.

ಅವನು ತಂದದ್ದು ಎಸ್‌ಯುವಿ. ಅಂಗಳಕ್ಕೆ ಬಂದು ನಿಂತಾಗ ಸುತ್ತು ಹಾಕಿ ಅದರ ಮೊಟಕು ಬೆನ್ನನ್ನು ನೋಡಿದೆ.

"ಕೋಂಬಿ ಬೇಸಿಗೆಗೆ ಬರುತ್ತಂತೆ. ಹಿಮದಲ್ಲಿ ಏನ್ ಮಾಡ್ತಿದ್ವಿ ಹೇಳು. ಇದು ಬೇರೆ ಕಂಪನೀದು, ಅವತ್ತು ನೋಡಿದ್ದಲ್ಲ. ಒಳಗೆ ಉದ್ದ ಇದೆ. ಬಾಸಾ ಆರಾಮಾಗಿ ಮಲಗುತ್ತೆ ಅಂತ ಅವನು ಆಣೆ ಇಟ್ಟು ಹೇಳಿದ."

ಬಾಸಾವನ್ನು ಇಬ್ಬರೂ ಸೇರಿ ಹೊರಗೆ ತಂದೆವು. ಮೊದಲು ಕತ್ತನ್ನು ತೂರಿಸಿದೆವು, ಅದು ಗೇರಿನ ಮೇಲೆ ಹೋಗಿ ಕೂತಿತು. ತಿರುಗಿಸಿದೆವು, ಹೊಟ್ಟೆ ಹಿಂದಿನ ಗಾಜಿಗೆ ಒತ್ತಿತು. ಸೀಟು ಒರಗಿಸಿದೆವು, ಜಾರಿಸಿದೆವು, ಅಡ್ಡ ಹಾಕಿದೆವು. ಒಂದು ಗೇಣು ಹೊರಗೇ ಉಳಿಯಿತು. ರಾದೊ ಆ ಚಳಿಯಲ್ಲೂ ಬೆವತುಹೋದ. ಬಾಗಿಲ ಅಂಚಿಗೆ ಬೆರಳು ತರಚಿಕೊಂಡ. ಅಂಗಡಿಯವನ ಅಮ್ಮ ಅಜ್ಜಿಯರನ್ನೆಲ್ಲ ಕರೆದು ಬೈದ. "ಒಂದೇ ಒಂದು ಗೇಣು, ಜೆಲ್ಕಾ! ನಾನೆಂಥ ಪೆದ್ದ!" ಎಂದು ಹಣೆ ಚಚ್ಚಿಕೊಂಡ. ಅವನನ್ನು ನೋಡಿ ನನಗೇ ಪಾಪ ಎನಿಸಿತು. ಬೆರಳಿಗೆ ಪಟ್ಟಿ ಕಟ್ಟಿದೆ. ಹೋಗಲಿ ಬಿಡು, ನಿನ್ನ ತಪ್ಪಲ್ಲ ಎಂದೆ. ಕುರಿಯ ಚೀಸು ಹಾಕಿ ಅವನಿಗಿಷ್ಟವಾದ ಆಲೂಗಡ್ಡೆ ಹಿಟ್ಟಿನ ಹಲುಶ್ಕಿ ಮಾಡಿ ಬಡಿಸಿದೆ. ಅಳಬೇಕಿದ್ದವಳು ನಾನು, ಸಮಾಧಾನ ಮಾಡಿದವಳೂ ನಾನೇ.

ಕಾರಿನ ನೆತ್ತಿಗೆ ಕಟ್ಟಿಕೊಂಡು ಹೋಗು ಎಂದು ಪಕ್ಕದ ಮನೆಯವನು ಬುದ್ಧಿ ಹೇಳಿದ. ಮೊದಲು ನಿನ್ನ ಹೆಂಡತಿಯನ್ನು ಕಟ್ಟಿಕೊಂಡು ಹೋಗಿ ತೋರಿಸು ಎಂದೆ. ವೆಂದೆಲ್ ಮಾಮನ ಮನೆಯಲ್ಲೇ ಬಿಡಬಹುದಿತ್ತು, ಆದರೆ ಅವನ ಕೊಟ್ಟಿಗೆಯ ಶೀತಕ್ಕೆ ಮರ ಸೀಳುತ್ತದೆ. ಅಲ್ಲದೆ ದಿನಾ ಕೈಯಾಡಿಸದಿದ್ದರೆ ಬಾಸಾ ಮುನಿಸಿಕೊಳ್ಳುತ್ತದೆ. ಕೆಲವು ಗುರುವಾರ ಮಾಮನೇ ತನ್ನ ವ್ಯಾನು ತಂದು ನಮ್ಮಿಬ್ಬರನ್ನೂ ಕರೆದೊಯ್ದ. ಹಿಮ ಬಿದ್ದಿತು. ಆ ಹಳೆಯ ವ್ಯಾನು ಘಾಟಿ ಹತ್ತಲಾರದೆ ಹೋಯಿತು. ಆಮೇಲೆ ಒಂದು ದಿನ ಮಾಮ ಫೋನು ಮಾಡಿ, ಸಂಗೀತ ಕಾಲೇಜು ಮುಗಿಸಿದವನೊಬ್ಬ ಸಿಕ್ಕಿದ್ದಾನೆ, ಈ ಚಳಿಗಾಲಕ್ಕೆ ಮಾತ್ರ ಎಂದ. ಚಳಿಗಾಲಕ್ಕೆ ಮಾತ್ರ ಎಂದು ನಾನೂ ಹೇಳಿದೆ.

ಫಶಿಯಾಂಗಿ ಬಂತು, ಉಪವಾಸಕ್ಕೆ ಮುಂಚಿನ ಕುಣಿತದ ಹಬ್ಬ. ಹಬ್ಬದ ಕೊನೆಗೆ ನಮ್ಮಲ್ಲಿ ಬಾಸಾವನ್ನು ಹೂಳುತ್ತಾರೆ. ಮಾರನೆಯ ದಿನದಿಂದ ಈಸ್ಟರ್‌ವರೆಗೆ ಉಪವಾಸ, ಸಂಗೀತ ಕುಣಿತ ಯಾವುದೂ ಇಲ್ಲ. ಅದಕ್ಕೇ ವಾದ್ಯಗಳ ಪರವಾಗಿ ಬಾಸಾವನ್ನು ಚಟ್ಟದ ಮೇಲೆ ಮಲಗಿಸಿ ಬಿಳಿ ಬಟ್ಟೆ ಹೊದಿಸುತ್ತಾರೆ. ಗಂಡಸರು ಲಂಗ ಉಟ್ಟು ವಿಧವೆಯರಾಗಿ ಎದೆ ಬಡಿದುಕೊಳ್ಳುತ್ತಾರೆ. ಒಬ್ಬ ಪಾದ್ರಿಯ ವೇಷ ಹಾಕಿ, ಬಕೆಟ್ಟಿನಲ್ಲಿ ಪೊರಕೆ ಅದ್ದಿ ಜನರ ಮೇಲೆ ನೀರು ಚಿಮುಕಿಸುತ್ತ, ಸತ್ತವಳ ಗುಣಗಾನದ ನೆಪದಲ್ಲಿ ಊರವರ ಬಣ್ಣ ಬಯಲು ಮಾಡುತ್ತಾನೆ. ನಮ್ಮೂರಿನಲ್ಲಿ ಪ್ರತಿ ವರ್ಷ ಸಾಯುವುದು ನನ್ನ ಬಾಸಾ. ಪಾದ್ರಿ ರಾದೊ.

ಆ ವರ್ಷ ರಸ್ತೆ ತೆರವಾಗಿ ಲಿಪ್ತೊವ್‌ನಿಂದ ತಂಡವೂ ಬಂದಿತ್ತು. ಮಧ್ಯಾಹ್ನವೆಲ್ಲ ನಾನು ಅವರೊಂದಿಗೆ ನುಡಿಸಿದೆ. ಬೆರಳ ತುದಿ ಮೆತ್ತಗಾಗಿ ಬೊಬ್ಬೆ ಎದ್ದರೂ ನಿಲ್ಲಿಸಲಿಲ್ಲ. ಎಷ್ಟು ಸಂತೋಷವಾಗಿತ್ತೆಂದರೆ ಅತ್ತೆ ಕರಿದ ಸಿಹಿ ಶಿಶ್ಕಿಗಳನ್ನೂ ಹೊಗಳಿದೆ. ಸಂಜೆಯಾಗುತ್ತಲೇ ಬಾಸಾವನ್ನು ಚಟ್ಟಕ್ಕೆ ಒಪ್ಪಿಸಿ ಅತ್ತೆಯ ಪಕ್ಕದಲ್ಲಿ ಕೂತೆ. ರಾದೊ ಕರಿಯ ನಿಲುವಂಗಿ ಹಾಕಿಕೊಂಡು ಬೆಂಚು ಹತ್ತಿದ.

"ಪ್ರಿಯ ಬಂಧುಗಳೇ, ಇಗೋ ಮಲಗಿದ್ದಾಳೆ ನಮ್ಮ ತಂಗಿ ಬಾಸಾ. ಹೊಟ್ಟೆ ದಪ್ಪ, ಕತ್ತು ಉದ್ದ, ಸ್ವರ ಎಮ್ಮೇದು. ಇವಳೇನು ಸಾಮಾನ್ಯಳಾ? ಪ್ರತಿ ಗುರುವಾರ ಒಬ್ಬನ ಹೆಂಡ್ತೀನ ಎಬ್ಬಿಸ್ಕೊಂಡು ಘಾಟಿ ದಾಟ್ತಿದ್ಳು!"

"ಅಯ್ಯಯ್ಯೋ!" ಎಂದು ವಿಧವೆಯರು ಕೂಗಿದರು.

"ಗಂಡ ಪಾಪದವನು ಏನ್ ಮಾಡ್ಬೇಕು? ಕೊಡಲಿ ತಗೊಳ್ಳೋಕೆ ಅವನೇನು ರಾಕ್ಷಸನಾ? ಅವನು ಹಗ್ಗ ತಗೊಂಡ. ಹೆಂಡ್ತಿ ಕತ್ತರಿಸಿದ ಬಟ್ಟೆ ಹಗ್ಗ! ಅದನ್ನ ಜೇಬಲ್ಲಿಟ್ಕೊಂಡು ಬಿಸ್ತ್ರಿತ್ಸದ ಅಂಗಡಿ ಅಂಗಡಿ ಸುತ್ತಿದ. ಕೋಂಬಿ ಬಾಗಿಲಲ್ಲೇ ರೆಡಿ ನಿಂತಿತ್ತು. ಇವಳು ಹಿಡೀತಾಳಾ? ಹಿಡೀತಾಳೆ. ಬೇಡ ಅಂದ! ಇನ್ನೊಂದು ಕಾರು. ಇದ್ರಲ್ಲಿ ಹಿಡೀತಾಳಾ? ಹಿಡೀತಾಳೆ. ಅದೂ ಬೇಡ! ಮತ್ತೊಂದು. ಹಿಡೀತಾಳಾ? ಒಂದು ಗೇಣು ಕಡಿಮೆ ಸ್ವಾಮಿ. ಪ್ಯಾಕ್ ಮಾಡಿ ಅಂದ!"

ಸಭೆಗೆ ಸಭೆಯೇ ಬಿದ್ದು ಬಿದ್ದು ನಕ್ಕಿತು. ನಾನೂ ನಕ್ಕೆ. ಪಕ್ಕದಲ್ಲಿ ಅತ್ತೆ ನಗುತ್ತಿರಲಿಲ್ಲ. ಶಿಶ್ಕಿಯ ಸಕ್ಕರೆ ಅಂಟಿದ ಕೈಯಿಂದ ಬಾಯಿ ಮುಚ್ಚಿಕೊಂಡು, "ಹೇಳ್ಬೇಡ ಅಂದಿದ್ದೆ ನಾನು ಇವನಿಗೆ," ಎಂದು ತಮ್ಮಷ್ಟಕ್ಕೆ ಗೊಣಗಿದರು.

ನನ್ನ ನಗು ಬಾಯಲ್ಲೇ ಒಣಗಿತು. ಸುತ್ತಲೂ ಜನ ನನ್ನ ಬೆನ್ನು ತಟ್ಟುತ್ತಿದ್ದರು, ಭಲೇ ಗಂಡ ಸಿಕ್ಕಿದ್ದಾನೆ ನಿನಗೆ ಎನ್ನುತ್ತಿದ್ದರು.

ಸಭಾಭವನದ ಹಿಂದೆ ಅವನು ನಿಲುವಂಗಿ ಕಳಚುತ್ತಿದ್ದಾಗ ಹಿಡಿದೆ. "ಅದು ನಿಜವಾ?"

"ಅಯ್ಯೋ, ಫಶಿಯಾಂಗಿ ಭಾಷಣ ಕಣೇ. ಎಲ್ಲರ ಕಾಲೂ ಎಳೆದೆ."

"ರಾದೊ."

ಅವನು ನಿಲುವಂಗಿಯನ್ನು ಮಡಚತೊಡಗಿದ. "ಗುರುವಾರ ನೀನು ವಾಪಸ್ ಬರೋವಾಗ ಮುಖ ಎಲ್ಲ ಕೆಂಪಾಗಿ, ನಗ್ತಾ ಬರ್ತಿದ್ದೆ. ಆ ನಗು ಮನೇಲಿ ಒಂದು ದಿನಾನೂ ನೋಡಿಲ್ಲ ನಾನು."

"ಅದನ್ನ ಹೇಳ್ಬಹುದಿತ್ತಲ್ಲ."

"ಹೇಳಿದ್ರೆ ನಿಲ್ಲಿಸ್ತಿದ್ಯಾ?"

"ಇಲ್ಲ. ಜಗಳ ಆಡ್ತಿದ್ದೆ."

"ನೋಡು ಮತ್ತೆ," ಎಂದ, ಗೆದ್ದವನ ಹಾಗೆ.

"ಅವತ್ತು ಅಂಗಳದಲ್ಲಿ ಬೆವರಿದ್ದು, ಬೆರಳು ತರಚಿಕೊಂಡದ್ದು?"

"ಬೆರಳು ನಿಜವಾಗ್ಲೂ ತರಚಿತು." ಅವನ ಮುಖ ಮೆತ್ತಗಾಯಿತು. "ನೀನು ಪಟ್ಟಿ ಕಟ್ಟಿದೆ, ಊಟ ಬಡಿಸಿದೆ, ನಿನ್ನ ತಪ್ಪಲ್ಲ ಅಂದೆ. ಆಗ ಹೇಳ್ಬಿಡೋಣ ಅಂತಿದ್ದೆ. ಆದ್ರೆ ಮದುವೆ ಆದಾಗಿಂದ ನೀನು ನನ್ನ ಅಷ್ಟು ಚೆನ್ನಾಗಿ ನೋಡ್ಕೊಂಡಿದ್ದು ಅವತ್ತೇ, ಜೆಲ್ಕಾ."

ಅವನನ್ನು ಹೊಡೆಯಬೇಕೆನಿಸಿತು. ಹೊಡೆಯುವಷ್ಟು ಹತ್ತಿರದವನಾಗಿಯೂ ಉಳಿದಿಲ್ಲ ಎನಿಸಿ ಕೈ ಏಳಲಿಲ್ಲ.

ಈಸ್ಟರ್ ಕಳೆದ ಮೇಲೆ ವೆಂದೆಲ್ ಮಾಮ ಫೋನು ಮಾಡಿದ. ಬಹಳ ಹೊತ್ತು ಹವಾಮಾನ, ಕುರಿ, ಸೊಂಟನೋವು ಎಲ್ಲ ಮಾತಾಡಿ, "ಹುಡುಗ ಚೆನ್ನಾಗಿ ಹೊಂದ್ಕೊಂಡಿದ್ದಾನಮ್ಮ. ಬೇಸಿಗೆ ಮದುವೆಗಳಿಗೆಲ್ಲ ಅವನೇ ಬರ್ತಾನಂತೆ. ನೀನು ಯಾವತ್ತಾದ್ರೂ ಸುಮ್ನೆ ಕೇಳೋಕೆ ಬಾ," ಎಂದ. ಆಗಲಿ ಮಾಮ ಎಂದೆ.

ಈಗ ಗುರುವಾರ ನಾನು ಮನೆಯಲ್ಲೇ ಇರುತ್ತೇನೆ. ಅಡುಗೆ ಮಾಡುತ್ತೇನೆ, ಬಡಿಸುತ್ತೇನೆ, ಎದುರಿಗೇ ಕೂತು ತಿನ್ನುತ್ತೇನೆ. ಬಿಬ್ಕಾಳ ಜೊತೆ ಮಾತಾಡುತ್ತೇನೆ, ಅತ್ತೆಗೆ ಉಪ್ಪು ಕೊಡುತ್ತೇನೆ, ರಾದೊ ಕಡೆ ಮಾತ್ರ ನಗುವುದಿಲ್ಲ. ರಾದೊ ಮೊದಮೊದಲು ತಮಾಷೆ ಮಾಡಿ ನೋಡಿದ. ಆಮೇಲೆ ಟೀವಿ ಹಾಕಿದ. ಹೋದ ವಾರ ಟೀವಿ ಆರಿಸಿ, ಕಾರಿನ ಕೀಲಿಯನ್ನು ತಂದು ನನ್ನ ತಟ್ಟೆಯ ಪಕ್ಕ ಇಟ್ಟ.

"ಸಾಕು ಕಣೇ. ತಗೋ, ಹೋಗಿ ಬಾ."

"ಎಲ್ಲಿಗೆ?" ಎಂದೆ.